ಗೇರು ಹೂವಿಗೆ ಬರುವ ಅತಿಥಿಗಳು: ಲೆಕ್ಕಪುಸ್ತಕದಲ್ಲಿ ಕಾಣದ ಒಂದು ಆಸ್ತಿ

ಈ ಪತ್ರಿಕೆಯ ವಾಚಕರಿಗೆ ನಾನು ಸಾಮಾನ್ಯವಾಗಿ ತೆರಿಗೆ, ಲೆಕ್ಕಪರಿಶೋಧನೆ, ದಾಸ್ತಾನು ಮೌಲ್ಯಮಾಪನ ಮೊದಲಾದ ವಿಷಯಗಳ ಬಗ್ಗೆ ಬರೆಯುತ್ತಾ ಬಂದವನು. ಈ ತಿಂಗಳು ಹೂವು ಮತ್ತು ಕೀಟಗಳ ಬಗ್ಗೆ ಬರೆಯಲು ಹೊರಟಿರುವುದನ್ನು ಕಂಡು ಕೆಲವರಿಗೆ ಆಶ್ಚರ್ಯವಾದೀತು. ಆದರೆ ವಿಷಯ ವ್ಯಾಪಾರಕ್ಕೆ ಹೊರತಾದುದಲ್ಲ. ಕಾರ್ಕಳದ ಗೇರುಬೀಜ ಕಾರ್ಖಾನೆಯ ಮಾಲಕರೊಬ್ಬರ ವರ್ಷಾಂತ್ಯದ ದಾಸ್ತಾನು ಪಟ್ಟಿಯನ್ನು ಪರಿಶೀಲಿಸುತ್ತಿದ್ದಾಗ, ಆಫ್ರಿಕಾದ ಬೀಜದ ಸಾಲು ಉದ್ದವಾಗಿಯೂ ಊರಿನ ಬೀಜದ ಸಾಲು ಗಿಡ್ಡವಾಗಿಯೂ ಇರುವುದನ್ನು ಕಂಡೆ. "ಊರಿನ ಬೀಜಕ್ಕೆ ರುಚಿ ಇದೆ, ಬೇಡಿಕೆ ಇದೆ, ಆದರೆ ಸಾಕಷ್ಟು ಸಿಗುವುದಿಲ್ಲ ಸಾರ್" ಎಂದು ಅವರು ಹೇಳಿದರು. ಏಕೆ ಸಿಗುವುದಿಲ್ಲ ಎಂಬ ಪ್ರಶ್ನೆಗೆ ಹಲವು ಉತ್ತರಗಳಿವೆ. ಹಳೆಯ ಮರಗಳು, ಕೂಲಿಯಾಳುಗಳ ಕೊರತೆ, ಗುಡ್ಡವೆಲ್ಲ ರಬ್ಬರ್ ತೋಟವಾದುದು, ಹವಾಮಾನದ ಏರುಪೇರು, ಇವೆಲ್ಲವೂ ಕಾರಣಗಳೇ. ಆದರೆ ನಮ್ಮ ಕೈಯಲ್ಲೇ ಇರುವ ಒಂದು ಕಾರಣವನ್ನು ನಾವು ಹೆಚ್ಚಾಗಿ ಗಮನಿಸುವುದಿಲ್ಲ. ಅದು ಗೇರು ಹೂ ಬಿಡುವ ಎರಡು ಮೂರು ತಿಂಗಳುಗಳಲ್ಲಿ ಆ ಹೂವಿಗೆ ಯಾವ ಕೀಟಗಳು ಬರುತ್ತವೆ, ಯಾವುವು ಬರುವುದಿಲ್ಲ ಎಂಬುದು.

ಗೇರು ಹೂವಿನ ಸ್ವಭಾವ

ಗೇರು ನಮ್ಮ ನೆಲದ ಮರವಲ್ಲ. ಬ್ರೆಜಿಲ್ ದೇಶದಿಂದ 16ನೆಯ ಶತಮಾನದಲ್ಲಿ ಪೋರ್ಚುಗೀಸರು ಇದನ್ನು ಪಶ್ಚಿಮ ಕರಾವಳಿಗೆ ತಂದರು. ಮಳೆಗೆ ಮಣ್ಣು ಕೊಚ್ಚಿಹೋಗದಂತೆ ತಡೆಯಲು ನೆಟ್ಟ ಮರ ಕಾಲಕ್ರಮದಲ್ಲಿ ಒಂದು ಉದ್ಯಮಕ್ಕೇ ಆಧಾರವಾಯಿತು. ಕಾರ್ಕಳದ ಮುರಕಲ್ಲು ಗುಡ್ಡಗಳಲ್ಲಿ, ಮಣಿಪಾಲದ ಸುತ್ತಣ ದರೆಗಳಲ್ಲಿ, ಬೇರೇನೂ ಬೆಳೆಯದ ಜಾಗದಲ್ಲಿಯೂ ಇದು ಬೆಳೆಯುತ್ತದೆ.

ನಮ್ಮ ಕರಾವಳಿಯಲ್ಲಿ ಮಳೆ ನಿಂತ ಮೇಲೆ ಮರವು ಚಿಗುರುತ್ತದೆ. ಸಾಮಾನ್ಯವಾಗಿ ನವೆಂಬರದಿಂದ ಫೆಬ್ರವರಿಯವರೆಗೆ ಹೂ ಬಿಡುತ್ತದೆ. ಒಂದು ಗೊಂಚಲಿನಲ್ಲಿ ನೂರಾರು ಹೂಗಳಿರುತ್ತವೆ. ಇವುಗಳಲ್ಲಿ ಎರಡು ಜಾತಿ. ಮೊದಲನೆಯದು ಗಂಡು ಹೂ. ಇದರಿಂದ ಎಂದಿಗೂ ಬೀಜವಾಗದು. ಎರಡನೆಯದು ದ್ವಿಲಿಂಗಿ ಹೂ. ಇದರಲ್ಲಿ ಗಂಡು ಮತ್ತು ಹೆಣ್ಣು ಎರಡೂ ಅಂಗಗಳಿರುತ್ತವೆ. ಬೀಜ ಕಟ್ಟುವುದು ಇದರಲ್ಲಿ ಮಾತ್ರ. ಪ್ರತಿಯೊಂದು ದ್ವಿಲಿಂಗಿ ಹೂವಿನಲ್ಲಿ ಇರುವುದು ಒಂದೇ ಒಂದು ಅಂಡಕ. ಆದುದರಿಂದ ಒಂದು ಹೂವಿನಿಂದ ಹೆಚ್ಚೆಂದರೆ ಒಂದು ಬೀಜ. ನೂರಾರು ಹೂಗಳ ಗೊಂಚಲಿನಲ್ಲಿ ಕೊನೆಗೆ ಉಳಿಯುವ ಬೀಜಗಳು ಬೆರಳೆಣಿಕೆಯಷ್ಟು ಮಾತ್ರ ಎಂಬುದನ್ನು ಎಲ್ಲ ಕೃಷಿಕರೂ ಬಲ್ಲರು.

ಗೇರಿನ ಪರಾಗವು ಅಂಟು ಸ್ವಭಾವದ್ದು. ಭತ್ತ ಅಥವಾ ಜೋಳದ ಪರಾಗದಂತೆ ಇದು ಗಾಳಿಯಲ್ಲಿ ತೇಲಿಹೋಗುವುದಿಲ್ಲ. ಒಂದು ಹೂವಿನಿಂದ ಇನ್ನೊಂದಕ್ಕೆ, ಒಂದು ಮರದಿಂದ ಇನ್ನೊಂದಕ್ಕೆ ಅದನ್ನು ಯಾರಾದರೂ ಹೊತ್ತುಕೊಂಡು ಹೋಗಬೇಕು. ಆ ಸಾಗಾಟದ ಕೆಲಸವನ್ನು ಮಾಡುವವರು ಕೀಟಗಳು. ಹೂಗಳು ಹೆಚ್ಚಾಗಿ ಪೂರ್ವಾಹ್ನದಲ್ಲಿ ಅರಳುತ್ತವೆ. ಕೀಟಗಳ ಓಡಾಟವೂ ಅದೇ ಹೊತ್ತಿಗೆ ಹೆಚ್ಚು. ಈ ಒಂದು ಸಂಗತಿಯನ್ನು ವಾಚಕರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದಿನ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ.

ಮಿತ್ರರು ಯಾರು?

ಹೂವಿಗೆ ಬರುವ ಕೀಟವೆಂದರೆ ಜೇನುನೊಣ ಎಂದು ನಾವು ತಿಳಿಯುತ್ತೇವೆ. ನಮ್ಮ ಪೆಟ್ಟಿಗೆಗಳಲ್ಲಿ ಸಾಕುವ ತುಡುವೆ ಜೇನು, ಪೊದೆಗಳಲ್ಲಿ ಒಂದೇ ಎರಿಯ ಗೂಡು ಕಟ್ಟುವ ಕೋಲ್ಜೇನು, ಗೋಡೆಯ ಸಂದಿಯಲ್ಲಿ ವಾಸಿಸುವ, ಚುಚ್ಚದ ಮುಜಂಟಿ ಇವೆಲ್ಲ ನಮಗೆ ಪರಿಚಿತ. ಆದರೆ ಗೇರು ಹೂವಿನ ಮಟ್ಟಿಗೆ ಹೇಳುವುದಾದರೆ, ಹೆಸರೇ ಇಲ್ಲದ ಸಣ್ಣ ಒಂಟಿ ದುಂಬಿಗಳ ಪಾಲೂ ದೊಡ್ಡದು. ಇವು ಗುಂಪಿನಲ್ಲಿ ಬದುಕುವುದಿಲ್ಲ, ಜೇನು ಕೊಡುವುದಿಲ್ಲ. ಕೆಲವು ನೆಲದಲ್ಲಿ ಸಣ್ಣ ಬಿಲ ತೋಡಿ, ಕೆಲವು ಒಣಗಿದ ಕಡ್ಡಿಯ ಟೊಳ್ಳಿನಲ್ಲಿ ಮೊಟ್ಟೆಯಿಡುತ್ತವೆ. ನೊಣಕ್ಕಿಂತ ದೊಡ್ಡದಲ್ಲದ ಇವನ್ನು ನಾವು ಕಂಡರೂ ಕಾಣದಂತೆ ಇರುತ್ತೇವೆ. ಇವುಗಳ ಜೊತೆ ಇರುವೆಗಳು, ನೊಣಗಳು, ಚಿಟ್ಟೆಗಳು ಕೂಡ ಮಕರಂದಕ್ಕಾಗಿ ಬರುತ್ತವೆ. ಆದರೆ ಪರಾಗ ಹೊರುವ ಕೆಲಸದಲ್ಲಿ ಮೈತುಂಬ ರೋಮವಿರುವ ದುಂಬಿಗಳಿಗೆ ಸರಿಸಾಟಿಯಿಲ್ಲ.

ಶತ್ರು ಯಾರು?

ಇದೇ ಹೂಗೊಂಚಲಿಗೆ ಬರುವ ಇನ್ನೊಬ್ಬ ಅತಿಥಿ ಟೀ ಸೊಳ್ಳೆ. ಹೆಸರಿನಲ್ಲಿ ಸೊಳ್ಳೆಯಿದ್ದರೂ ಇದು ಸೊಳ್ಳೆಯಲ್ಲ. ತಿಗಣೆಯ ಗಣಕ್ಕೆ ಸೇರಿದ, ರಸ ಹೀರುವ ಕೀಟ. ಇದರ ಸಮೀಪದ ಬಂಧುಗಳು ಅಸ್ಸಾಮಿನ ಚಹಾ ತೋಟಗಳಲ್ಲಿ ಹಾವಳಿ ಮಾಡುವುದರಿಂದ ಈ ಹೆಸರು ಬಂದಿದೆ. ನಮ್ಮ ಗೇರಿಗೆ ಬರುವ ಜಾತಿಗೆ ಹೆಲೊಪೆಲ್ಟಿಸ್ ಆಂಟೋನಿ ಎಂದು ವೈಜ್ಞಾನಿಕ ಹೆಸರು. ತೆಳ್ಳನೆಯ ಮೈ, ಉದ್ದ ಕಾಲುಗಳು, ಬೆನ್ನಿನ ಮೇಲೆ ಗುಂಡುಸೂಜಿಯಂತೆ ನಿಂತ ಒಂದು ಮುಳ್ಳು, ಇವು ಇದರ ಗುರುತು.

ಇದು ಎಳೆ ಚಿಗುರು, ಹೂಗೊಂಚಲು ಮತ್ತು ಎಳೆಬೀಜಗಳಿಂದ ರಸ ಹೀರುತ್ತದೆ. ಹೀರುವಾಗ ಬಿಡುವ ಜೊಲ್ಲು ಗಿಡದ ಅಂಗಾಂಶಕ್ಕೆ ವಿಷವಾಗುತ್ತದೆ. ಚುಚ್ಚಿದ ಕಡೆ ಕಂದು ಬಣ್ಣದ ಕಲೆ ಮೂಡಿ, ಅದು ಕಪ್ಪಾಗಿ, ಕಲೆಗಳು ಒಂದಕ್ಕೊಂದು ಕೂಡಿ ಗೊಂಚಲೇ ಸುಟ್ಟಂತೆ ಒಣಗುತ್ತದೆ. ಎಳೆಬೀಜಗಳು ಮುರುಟಿ ಉದುರುತ್ತವೆ. ಹಾವಳಿ ಜೋರಾದ ವರ್ಷ ದೂರದಿಂದ ನೋಡಿದರೆ ಗುಡ್ಡಕ್ಕೆ ಬೆಂಕಿ ಬಿದ್ದಿತ್ತೇ ಎಂಬಂತೆ ಕಾಣುತ್ತದೆ. ಇದು ಹೆಚ್ಚುವುದೂ ಮರ ಚಿಗುರಿ ಹೂ ಬಿಡುವ ಕಾಲದಲ್ಲಿಯೇ. ಆದುದರಿಂದ ಕೃಷಿಕನ ಮುಂದಿರುವ ಸಮಸ್ಯೆ ಸರಳವಲ್ಲ. ಒಂದೇ ಗೊಂಚಲಿನ ಮೇಲೆ ಒಂದೇ ತಿಂಗಳಲ್ಲಿ ಮಿತ್ರನೂ ಶತ್ರುವೂ ಕುಳಿತಿರುತ್ತಾರೆ. ಸಿಂಪಡಿಸುವ ಔಷಧಿಗೆ ಇಬ್ಬರ ನಡುವಣ ವ್ಯತ್ಯಾಸ ತಿಳಿಯುವುದಿಲ್ಲ.

ನನ್ನದೇ ಒಂದು ತಪ್ಪು

ಕಾರ್ಕಳ ತಾಲೂಕಿನಲ್ಲಿ ನನಗೆ ತಂದೆಯಿಂದ ಬಂದ ಒಂದು ಸಣ್ಣ ಗೇರುತೋಟವಿದೆ. ಸುಮಾರು ಹತ್ತು ವರ್ಷಗಳ ಹಿಂದೆ, ಜನವರಿಯ ಕೊನೆಯ ವಾರ, ಮರಗಳು ತುಂಬ ಹೂ ಬಿಟ್ಟಿದ್ದವು. ಕೆಲವು ಗೊಂಚಲುಗಳಲ್ಲಿ ಕಪ್ಪು ಕಲೆ ಕಂಡಿತು. ನಾನು ಉಡುಪಿಯ ಕಚೇರಿಯಿಂದಲೇ ಫೋನಿನಲ್ಲಿ ಏರ್ಪಾಡು ಮಾಡಿ, ಒಂದು ಭಾನುವಾರ ಔಷಧಿ ಸಿಂಪಡಿಸಲು ಜನರನ್ನು ಕರೆಸಿದೆ. ಆಳುಗಳು ಬಂದದ್ದು ಬೆಳಿಗ್ಗೆ ಒಂಬತ್ತಕ್ಕೆ. ಕೆಲಸ ಆರಂಭವಾದದ್ದು ಒಂಬತ್ತೂವರೆಗೆ. ಹನ್ನೆರಡರೊಳಗೆ ಕೆಳಗಿನ ಸಾಲುಗಳೆಲ್ಲ ಮುಗಿದವು. ಮೇಲಿನ ಎರಡು ಸಾಲುಗಳಿಗೆ ಔಷಧಿ ಸಾಲಲಿಲ್ಲ. ಅದನ್ನು ಹಾಗೆಯೇ ಬಿಟ್ಟೆವು.

ಮರುದಿನ ನೆರೆಮನೆಯ ಹಿರಿಯರು ಬಂದರು. ಅವರು ಆರು ಪೆಟ್ಟಿಗೆ ಜೇನು ಸಾಕಿದ್ದರು. ಕೈಯಲ್ಲಿ ಒಂದು ಅಡಿಕೆ ಹಾಳೆ. ಅದರ ಮೇಲೆ ಒಂದು ಬೊಗಸೆಯಷ್ಟು ಸತ್ತ ನೊಣಗಳು. ಜಗಳವಾಡಲಿಲ್ಲ. "ರಾಯರೇ, ಇವು ನನ್ನ ಪೆಟ್ಟಿಗೆಯವು. ಆದರೆ ಕೆಲಸ ಮಾಡುತ್ತಿದ್ದದ್ದು ನಿಮ್ಮ ತೋಟದಲ್ಲಿ" ಎಂದರು. ನಷ್ಟ ಎಷ್ಟೆಂದು ಹೇಳಿದರೆ ಕೊಡುತ್ತೇನೆ ಎಂದೆ. "ಪೆಟ್ಟಿಗೆಯ ಲೆಕ್ಕ ನಾನು ಹೇಳಬಹುದು. ನಿಮ್ಮ ಮರದ ಲೆಕ್ಕ ನೀವೇ ಎಪ್ರಿಲಿನಲ್ಲಿ ನೋಡಿಕೊಳ್ಳಿ" ಎಂದು ಹೇಳಿ ಹೋದರು.

ಎಪ್ರಿಲಿನಲ್ಲಿ ನೋಡಿದೆ. ತಂದೆಯವರು ವರ್ಷ ವರ್ಷದ ಬೀಜದ ತೂಕವನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ನಾನೂ ಆ ಅಭ್ಯಾಸವನ್ನು ಮುಂದುವರಿಸಿದ್ದೆ. ಆ ವರ್ಷದ ತೂಕ ಹಿಂದಿನ ವರ್ಷಗಳಿಗಿಂತ ಕಡಿಮೆ ಬಂತು. ಒಂದೇ ವರ್ಷದ ಅಂಕಿಯಿಂದ ತೀರ್ಪು ಕೊಡುವುದು ಲೆಕ್ಕಪರಿಶೋಧಕನಿಗೆ ತರವಲ್ಲ; ಮೋಡ, ಇಬ್ಬನಿ, ಅಕಾಲದ ಮಳೆ ಇವುಗಳೂ ಇಳುವರಿಯನ್ನು ತಗ್ಗಿಸುತ್ತವೆ. ಆದರೆ ಒಂದು ವಿಷಯವನ್ನು ಅಲ್ಲಗಳೆಯಲಾರದಾದೆ. ಔಷಧಿ ಸಾಲದೆ ಬಿಟ್ಟಿದ್ದ ಮೇಲಿನ ಎರಡು ಸಾಲುಗಳಲ್ಲಿ ಟೀ ಸೊಳ್ಳೆಯ ಕಲೆ ಧಾರಾಳವಾಗಿತ್ತು. ಆದರೂ ಮರವೊಂದರ ಬೀಜ ಕೆಳಗಿನ ಸಾಲುಗಳಿಗಿಂತ ಕಡಿಮೆಯಿರಲಿಲ್ಲ. ಹಾಗಾದರೆ ಔಷಧಿಗೂ ಕೂಲಿಗೂ ನಾನು ಕೊಟ್ಟ ಹಣ ಏನನ್ನು ಗಳಿಸಿತು? ನೆರೆಯವರಿಗೆ ಪೆಟ್ಟಿಗೆಗಳ ಬಾಬ್ತು ಹಣ ಕೊಟ್ಟೆ. ಅವರು ತೆಗೆದುಕೊಂಡರು, ಆದರೆ ಮತ್ತೆ ಜೇನು ಸಾಕಲಿಲ್ಲ. ಆ ನಷ್ಟಕ್ಕೆ ಇಂದಿಗೂ ನನ್ನ ಬಳಿ ಜಮೆಯ ಪುಟವಿಲ್ಲ.

ಒಂದು ಮಾದರಿ ಲೆಕ್ಕ

ಈ ಅನುಭವದ ನಂತರ ನಾನು ಒಂದು ಸರಳ ಲೆಕ್ಕವನ್ನು ಮಾಡಿಕೊಂಡೆ. ಕೆಳಗಿನ ಅಂಕಿಗಳು ವಿವರಣೆಗಾಗಿ ಊಹಿಸಿಕೊಂಡವು. ವಾಚಕರು ತಮ್ಮ ತಮ್ಮ ತೋಟದ ಅಂಕಿಗಳನ್ನು ಹಾಕಿಕೊಳ್ಳಬೇಕು. 100 ಮರಗಳ ತೋಟ, ಕಿಲೋ ಒಂದಕ್ಕೆ 100 ರೂಪಾಯಿ ಧಾರಣೆ, ಒಂದು ಸಲದ ಸಿಂಪಡಣೆಗೆ ಔಷಧಿ ಮತ್ತು ಕೂಲಿ ಸೇರಿ 8,000 ರೂಪಾಯಿ ಎಂದಿಟ್ಟುಕೊಳ್ಳೋಣ.

(1) ಏನೂ ಸಿಂಪಡಿಸದಿದ್ದರೆ, ಟೀ ಸೊಳ್ಳೆಯ ಹಾವಳಿ ಕಳೆದು, ಮರಕ್ಕೆ 3 ಕಿಲೋ. ಒಟ್ಟು 300 ಕಿಲೋ. ಉತ್ಪತ್ತಿ 30,000 ರೂಪಾಯಿ. ಖರ್ಚಿಲ್ಲ. ಉಳಿಕೆ 30,000 ರೂಪಾಯಿ.

(2) ತುಂಬು ಹೂವಿನ ಕಾಲದಲ್ಲಿ ಪೂರ್ವಾಹ್ನ ಎರಡು ಸಲ ಸಿಂಪಡಿಸಿದರೆ, ಶತ್ರು ಸತ್ತರೂ ಮಿತ್ರರೂ ಸತ್ತು, ಮರಕ್ಕೆ 4 ಕಿಲೋ. ಉತ್ಪತ್ತಿ 40,000; ಖರ್ಚು 16,000. ಉಳಿಕೆ 24,000 ರೂಪಾಯಿ.

(3) ಅದೇ ಎರಡು ಸಿಂಪಡಣೆಯನ್ನು ಸರಿಯಾದ ಹಂತದಲ್ಲಿ, ಸಂಜೆಯ ಹೊತ್ತು ಮಾಡಿದರೆ, ಮರಕ್ಕೆ 5 ಕಿಲೋ. ಉತ್ಪತ್ತಿ 50,000, ಖರ್ಚು 16,000. ಉಳಿಕೆ 34,000 ರೂಪಾಯಿ.

(4) ಮರಗಳನ್ನು ವಾರವಾರ ನೋಡಿ, ಕೀಟ ಕಂಡಾಗ ಮಾತ್ರ ಒಂದೇ ಸಲ, ಸಂಜೆ ಸಿಂಪಡಿಸಿದರೆ, ಮರಕ್ಕೆ 4.8 ಕಿಲೋ. ಉತ್ಪತ್ತಿ 48,000, ಖರ್ಚು 8,000. ಉಳಿಕೆ 40,000 ರೂಪಾಯಿ.

ಎರಡನೆಯ ಕೃಷಿಕನಿಗೆ ಮೊದಲನೆಯವನಿಗಿಂತ 100 ಕಿಲೋ ಹೆಚ್ಚು ಬೆಳೆ ಬಂದಿದೆ. ಆದುದರಿಂದ ಔಷಧಿ ಕೆಲಸ ಮಾಡಿತು ಎಂದು ಅವನು ನಂಬುತ್ತಾನೆ. ಆದರೆ ಅವನ ಉಳಿಕೆ ಏನೂ ಮಾಡದವನಿಗಿಂತ 6,000 ರೂಪಾಯಿ ಕಡಿಮೆ. ವಹಿವಾಟನ್ನು ನೋಡಿ ಲಾಭವನ್ನು ಅಳೆಯಬಾರದು ಎಂದು ನಾವು ವ್ಯಾಪಾರದಲ್ಲಿ ಕಲಿತ ಪಾಠವೇ ತೋಟಕ್ಕೂ ಅನ್ವಯಿಸುತ್ತದೆ. ಖರ್ಚಿನ ಬಾಬ್ತು ಒಂದೇ ಆಗಿದ್ದರೂ ಗಳಿಗೆ ತಪ್ಪಿದರೆ ಫಲ ಬೇರೆಯಾಗುತ್ತದೆ.

ನೆರೆಯ ಜಿಲ್ಲೆಗಳ ಕಹಿ ಪಾಠ

ಟೀ ಸೊಳ್ಳೆಯ ಹೆಸರಿನಲ್ಲಿ ನಡೆದ ಸಿಂಪಡಣೆಯ ಬೆಲೆ ಎಷ್ಟೆಂಬುದನ್ನು ಕರಾವಳಿಯವರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಕಾಸರಗೋಡಿನಲ್ಲಿ ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ 1970ರ ದಶಕದಿಂದ 2000ನೆಯ ಇಸವಿಯವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ದಕ್ಷಿಣ ಕನ್ನಡದ ಕೊಕ್ಕಡ ಮೊದಲಾದ ಕಡೆಗಳ ಗೇರುತೋಟಗಳಲ್ಲಿಯೂ ಈ ಔಷಧಿಯ ಬಳಕೆಯಾಯಿತು. ಅಂಗವಿಕಲತೆಯೊಂದಿಗೆ ಹುಟ್ಟಿದ ಮಕ್ಕಳ, ದೀರ್ಘ ರೋಗಗಳಿಂದ ನರಳಿದ ಕುಟುಂಬಗಳ ಕಥೆ ಎಲ್ಲರಿಗೂ ತಿಳಿದದ್ದು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಎಂಡೋಸಲ್ಫಾನಿನ ತಯಾರಿ, ಮಾರಾಟ ಮತ್ತು ಬಳಕೆಯನ್ನು ತಡೆಹಿಡಿಯಿತು. 2017ರ ಜನವರಿಯಲ್ಲಿ ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಆದೇಶಿಸಿತು.

ಆಕಾಶದಿಂದ ಸುರಿದ ಆ ಔಷಧಿ ಮನುಷ್ಯನಿಗೇ ಹೀಗೆ ಮಾಡಿದ ಮೇಲೆ ಹೂವಿನ ಮೇಲೆ ಕುಳಿತ ದುಂಬಿಗೆ ಏನಾಗಿರಬಹುದೆಂದು ಊಹಿಸಬಹುದು. ತೋಟದ ಲಾಭನಷ್ಟದ ಪಟ್ಟಿಯಲ್ಲಿ ಆಗ ಔಷಧಿಯ ಬೆಲೆ ಮಾತ್ರ ಇತ್ತು. ಉಳಿದ ಖರ್ಚೆಲ್ಲ ಊರವರ ಹೆಸರಿಗೆ ಬಿತ್ತು. ಅದರ ಬಿಲ್ಲು ಬಂದದ್ದು ಹಲವು ವರ್ಷಗಳ ನಂತರ.

ಕಾಪುವಿನ ಎರಡು ಹೂವುಗಳು

ಕೀಟದೊಂದಿಗೆ ಎಲ್ಲ ಬೆಳೆಗಳ ಸಂಬಂಧವೂ ಒಂದೇ ರೀತಿಯದಲ್ಲ ಎಂಬುದಕ್ಕೆ ಕಾಪು ತಾಲೂಕಿನಲ್ಲಿಯೇ ಎರಡು ಉತ್ತಮ ನಿದರ್ಶನಗಳಿವೆ.

ಮೊದಲನೆಯದು ಕಟಪಾಡಿಯ ಸಮೀಪದ ಮಟ್ಟು ಗ್ರಾಮದ ಗುಳ್ಳ. ಶ್ರೀ ವಾದಿರಾಜರು ಬೀಜ ಕೊಟ್ಟರೆಂಬ ಐತಿಹ್ಯವುಳ್ಳ, 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಬದನೆ ಇದು. ಬದನೆಯ ಹೂವಿನಲ್ಲಿ ಪರಾಗವು ಹಳದಿ ಕೊಳವೆಗಳೊಳಗೆ ಮುಚ್ಚಿಕೊಂಡಿರುತ್ತದೆ. ಕೊಳವೆಯ ತುದಿಯಲ್ಲಿ ಒಂದು ಸಣ್ಣ ರಂಧ್ರ ಮಾತ್ರ. ಉಪ್ಪಿನ ಡಬ್ಬಿಯನ್ನು ಅಲ್ಲಾಡಿಸಿದಂತೆ ಅಲ್ಲಾಡಿಸಿದರಷ್ಟೇ ಪರಾಗ ಹೊರಗೆ ಬೀಳುತ್ತದೆ. ಒಣಮರ ಕೊರೆದು ಗೂಡು ಮಾಡುವ ದೊಡ್ಡ ಕಪ್ಪು ದುಂಬಿ, ಹೊಟ್ಟೆಯ ಮೇಲೆ ನೀಲಿ ಪಟ್ಟೆಯಿರುವ ದುಂಬಿ ಮೊದಲಾದವು ಹೂವನ್ನು ಬಿಗಿಯಾಗಿ ಹಿಡಿದು, ರೆಕ್ಕೆಯ ಸ್ನಾಯುಗಳನ್ನು ಝೇಂಕರಿಸಿ ಅದನ್ನು ಅಲುಗಿಸುತ್ತವೆ. ಪೆಟ್ಟಿಗೆಯ ಜೇನುನೊಣಕ್ಕೆ ಈ ವಿದ್ಯೆ ಬಾರದು. ಬದನೆಯ ಹೂ ತನ್ನದೇ ಪರಾಗದಿಂದಲೂ ಕಾಯಿ ಕಟ್ಟಬಲ್ಲುದಾದರೂ, ದುಂಬಿ ಬಂದರೆ ಕಾಯಿ ಕಟ್ಟುವುದು ಹೆಚ್ಚು. ಇದರ ಇನ್ನೊಂದು ಮುಖವೂ ಉಂಟು. ದುಂಬಿ ಪಕ್ಕದ ಹೊಲದ ಬೇರೆ ಬದನೆಯ ಪರಾಗವನ್ನೂ ತಂದೀತು. ಆಗ ಬೀಜದ ಶುದ್ಧತೆ ಕೆಡುತ್ತದೆ. ಕುಲಾಂತರಿ ಬಿಟಿ ಬದನೆಯ ಚರ್ಚೆಯ ಕಾಲದಲ್ಲಿ ಮಟ್ಟುವಿನ ಬೆಳೆಗಾರರಿಗೆ ಇದ್ದ ಆತಂಕ ಇದೇ. 2010ರ ಫೆಬ್ರವರಿ 9ರಂದು ಅಂದಿನ ಪರಿಸರ ಸಚಿವ ಜೈರಾಂ ರಮೇಶ್ ಅವರು ಬಿಟಿ ಬದನೆಗೆ ತಡೆ ಘೋಷಿಸಿದರು. ಊರಿನ ಹೆಸರಿನಲ್ಲಿ ಮಾರಾಟವಾಗುವ ಸರಕಿನ ಶುದ್ಧತೆ ಕೀಟದ ಹಾರಾಟದ ದೂರವನ್ನೂ ಅವಲಂಬಿಸಿರುತ್ತದೆ ಎಂಬುದನ್ನು ವ್ಯಾಪಾರಿಗಳು ಗಮನಿಸಬೇಕು.

ಎರಡನೆಯದು ಶಂಕರಪುರದ ಮಲ್ಲಿಗೆ. ಉಡುಪಿ ಮಲ್ಲಿಗೆ ಎಂದು ಭೌಗೋಳಿಕ ಸೂಚ್ಯಂಕ ಪಡೆದ ಈ ಹೂವಿನ ವ್ಯಾಪಾರ ಚೆಂಡು ಮತ್ತು ಅಟ್ಟೆಗಳ ಲೆಕ್ಕದಲ್ಲಿ ನಡೆಯುತ್ತದೆ. ಇದನ್ನು ಮುಂಜಾನೆ ಮೊಗ್ಗಾಗಿರುವಾಗಲೇ ಕೊಯ್ದು, ಬಾಳೆನಾರಿನಲ್ಲಿ ಕಟ್ಟುತ್ತಾರೆ. ಹೂ ಅರಳುವುದು ಗ್ರಾಹಕರ ಮನೆಯಲ್ಲಿ. ಗಿಡ ಬೆಳೆಸುವುದು ಗೆಲ್ಲಿನಿಂದ; ಬೀಜದ ಅಗತ್ಯವಿಲ್ಲ. ಆದುದರಿಂದ ಈ ಬೆಳೆಗಾರನಿಗೆ ಪರಾಗ ಹೊರುವ ಅತಿಥಿ ಬೇಕಾಗಿಲ್ಲ. ಅವನಿಗೆ ಬರುವ ಕೀಟವೆಂದರೆ ಮೊಗ್ಗು ಕೊರೆಯುವ ಹುಳದಂತಹ ಶತ್ರು ಮಾತ್ರ. ಇದರಿಂದ ಅಪಾಯವೂ ಇದೆ. ಮಲ್ಲಿಗೆಯ ಅಂಗಳದಲ್ಲಿ ಸಿಂಪಡಿಸಿದ ಔಷಧಿಯ ನಷ್ಟ ಮಲ್ಲಿಗೆಗೆ ತಟ್ಟುವುದಿಲ್ಲ. ಪಕ್ಕದ ಬೇಲಿಯಾಚೆಯ ಗುಳ್ಳಕ್ಕೆ, ಗುಡ್ಡದ ಗೇರಿಗೆ ತಟ್ಟುತ್ತದೆ. ಲಾಭ ಒಬ್ಬನ ಪುಸ್ತಕದಲ್ಲಿ, ನಷ್ಟ ಇನ್ನೊಬ್ಬನ ಪುಸ್ತಕದಲ್ಲಿ ದಾಖಲಾದಾಗ ಯಾರೂ ಎಚ್ಚರ ವಹಿಸುವುದಿಲ್ಲ.

ಲೆಕ್ಕಶಾಸ್ತ್ರ ಏನು ಹೇಳುತ್ತದೆ?

2016ರಲ್ಲಿ ಪರಿಷ್ಕೃತವಾದ ಲೆಕ್ಕಪದ್ಧತಿಯ 10ನೆಯ ಮಾನಕದ ಪ್ರಕಾರ, ಹಲವು ವರ್ಷ ಫಲ ಕೊಡುವ ಗೇರಿನಂತಹ ಮರವು ಸ್ಥಿರಾಸ್ತಿ. ಯಂತ್ರದಂತೆ ಅದಕ್ಕೂ ಸವಕಳಿ ಉಂಟು. ಆದರೆ ಆ ಮರಕ್ಕೆ ಫಲ ಬರುವಂತೆ ಮಾಡುವ ದುಂಬಿ ಯಾವ ಪಟ್ಟಿಯಲ್ಲಿಯೂ ಇಲ್ಲ. ಏಕೆಂದರೆ ಆಸ್ತಿ ಎನಿಸಬೇಕಾದರೆ ಅದು ಸಂಸ್ಥೆಯ ಹತೋಟಿಯಲ್ಲಿರಬೇಕು. ತನ್ನಷ್ಟಕ್ಕೆ ಹಾರಿ ಬಂದು ತನ್ನಷ್ಟಕ್ಕೆ ಹೋಗುವ ಕೀಟ ಯಾರ ಹತೋಟಿಯಲ್ಲಿಯೂ ಇಲ್ಲ. ಮಾನಕದಲ್ಲಿ ತಪ್ಪಿಲ್ಲ, ಆದರೆ ಪುಸ್ತಕದಲ್ಲಿ ಇಲ್ಲದ್ದಕ್ಕೆ ಬೆಲೆಯೇ ಇಲ್ಲ ಎಂದು ತಿಳಿಯುವುದು ನಮ್ಮ ತಪ್ಪು.

ಬಿ.ಕಾಂ. ಓದಿದವರಿಗೆ ಬಾಹ್ಯ ಪ್ರಯೋಜನ ಎಂಬ ಪಾಠ ನೆನಪಿರಬಹುದು. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಜೇಮ್ಸ್ ಮೀಡ್ ಅವರು 1952ರಲ್ಲಿ ಇದನ್ನು ವಿವರಿಸಲು ಕೊಟ್ಟ ಉದಾಹರಣೆ ಸೇಬಿನ ತೋಟ ಮತ್ತು ಜೇನುಸಾಕಣೆಯದ್ದು. ಸೇಬಿನ ಹೂ ಜೇನುಗಾರನಿಗೆ ಮಕರಂದ ಕೊಡುತ್ತದೆ, ಅವನ ನೊಣ ಸೇಬಿನವನಿಗೆ ಫಸಲು ಕೊಡುತ್ತದೆ. ಆದರೆ ಪೇಟೆಯಲ್ಲಿ ಇದಕ್ಕೆ ಬೆಲೆಯಿಲ್ಲ ಎಂದು ಅವರ ವಾದ. 1973ರಲ್ಲಿ ಸ್ಟೀವನ್ ಚುಂಗ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ವಿಚಾರಿಸಿ ನೋಡಿದಾಗ, ಅಲ್ಲಿನ ತೋಟದವರು ಜೇನುಗಾರರೊಂದಿಗೆ ಕರಾರು ಮಾಡಿಕೊಂಡು ಬಾಡಿಗೆ ಕೊಡುತ್ತಿದ್ದರೆಂದು ತಿಳಿಯಿತು. ಕ್ಯಾಲಿಫೋರ್ನಿಯಾದ ಬಾದಾಮಿ ತೋಟಗಳಿಗೆ ಪ್ರತಿ ಫೆಬ್ರವರಿಯಲ್ಲಿ ಲಾರಿಗಳಲ್ಲಿ ಜೇನುಪೆಟ್ಟಿಗೆಗಳು ಬರುವುದು ಇಂತಹ ಬಾಡಿಗೆಗಾಗಿಯೇ. ನಮ್ಮ ಗೋಡಂಬಿಯೊಂದಿಗೆ ಪೇಟೆಯಲ್ಲಿ ಸ್ಪರ್ಧಿಸುವ ಬಾದಾಮಿಯ ಬೆಲೆಯಲ್ಲಿ ನೊಣದ ಕೂಲಿಯೂ ಸೇರಿದೆ. ನಮಗೆ ಅದು ಇದುವರೆಗೆ ಉಚಿತವಾಗಿ ದೊರೆತಿದೆ. ಆದರೆ ಉಚಿತ ದೊರೆಯುವುದು ಶಾಶ್ವತವಲ್ಲ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗದಿಂದ ದಕ್ಷಿಣ ಭಾರತದ ತುಡುವೆ ಜೇನು ಕುಟುಂಬಗಳು ಅಪಾರ ಪ್ರಮಾಣದಲ್ಲಿ ನಾಶವಾದುದನ್ನು ನಮ್ಮ ಜಿಲ್ಲೆಯ ಹಳೆಯ ಜೇನುಕೃಷಿಕರು ಇಂದಿಗೂ ನೆನೆಯುತ್ತಾರೆ.

ನಾವು ಮಾಡತಕ್ಕ ಕೆಲಸಗಳು

ಔಷಧಿಯನ್ನೇ ಬಿಡಬೇಕೆಂದು ನಾನು ಹೇಳುತ್ತಿಲ್ಲ. ಟೀ ಸೊಳ್ಳೆ ನಿಜವಾದ ಶತ್ರು. ಆದರೆ ಈ ಕೆಳಗಿನ ಕ್ರಮಗಳನ್ನು ಅನುಸರಿಸುವುದು ಕೃಷಿಕನಿಗೂ ಖರೀದಿದಾರನಿಗೂ ಹಿತಕರ.

ಒಂದು, ಕ್ಯಾಲೆಂಡರ್ ನೋಡಿ ಸಿಂಪಡಿಸದೆ ಮರ ನೋಡಿ ಸಿಂಪಡಿಸಬೇಕು. ಚಿಗುರುವ ಹಂತದಲ್ಲಿಯೇ ವಾರಕ್ಕೊಮ್ಮೆ ತೋಟ ಸುತ್ತಿ ಕಲೆಗಳನ್ನು ಗಮನಿಸಿದರೆ, ಹೂವಿನ ಹಂತದಲ್ಲಿ ಸಿಂಪಡಿಸುವ ಪ್ರಸಂಗ ಎಷ್ಟೋ ಸಲ ತಪ್ಪುತ್ತದೆ.

ಎರಡು, ಹೂವಿದ್ದಾಗ ಸಿಂಪಡಿಸಲೇಬೇಕಾದರೆ ದುಂಬಿಗಳು ಗೂಡು ಸೇರಿದ ಮೇಲೆ, ಸಂಜೆ ಮಾಡಬೇಕು. ಆಳುಗಳಿಗೆ ಸಂಜೆಯ ಕೆಲಸಕ್ಕೆ ಸ್ವಲ್ಪ ಹೆಚ್ಚು ಕೂಲಿ ಕೊಡಬೇಕಾದೀತು. ಮೇಲಿನ ಲೆಕ್ಕದ ಮುಂದೆ ಅದು ದೊಡ್ಡದಲ್ಲ. ಹಿಂದಿನ ದಿನವೇ ನೆರೆಯ ಜೇನುಗಾರರಿಗೆ ತಿಳಿಸಬೇಕು.

ಮೂರು, ಗೇರುಬೆಳೆಗೆ ಶಿಫಾರಸಾದ, ನೋಂದಾಯಿತ ಔಷಧಿಯನ್ನು ಮಾತ್ರ, ಹೇಳಿದ ಪ್ರಮಾಣದಲ್ಲಿ ಬಳಸಬೇಕು. 1986ರಲ್ಲಿ ಪುತ್ತೂರಿನಲ್ಲಿ ಸ್ಥಾಪಿತವಾದ, ಈಗ ಗೇರು ಸಂಶೋಧನಾ ನಿರ್ದೇಶನಾಲಯವೆನಿಸಿರುವ ಸಂಸ್ಥೆ, ಉಳ್ಳಾಲದ ಸಂಶೋಧನಾ ಕೇಂದ್ರ ಮತ್ತು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರ ಇವು ನಮಗೆ ಹತ್ತಿರದಲ್ಲಿವೆ. ಔಷಧಿ ಅಂಗಡಿಯ ಸಲಹೆಗಿಂತ ಮೊದಲು ಇವರ ಸಲಹೆ ಕೇಳುವುದು ಒಳ್ಳೆಯದು. ಹೊಸದಾಗಿ ನೆಡುವವರು ಟೀ ಸೊಳ್ಳೆಯ ಹಾವಳಿಯನ್ನು ಒಂದು ಮಟ್ಟಿಗೆ ತಪ್ಪಿಸಿಕೊಳ್ಳಬಲ್ಲ ಭಾಸ್ಕರದಂತಹ ತಳಿಗಳ ಬಗ್ಗೆಯೂ ವಿಚಾರಿಸಬಹುದು.

ನಾಲ್ಕು, ಎಲೆಗಳನ್ನು ಹೆಣೆದು ಗೂಡು ಕಟ್ಟುವ ಕೆಂಪು ಚಗಳಿ ಇರುವೆಯನ್ನು ಕಂಡ ಕೂಡಲೇ ಸುಡಬಾರದು. ಅದು ಟೀ ಸೊಳ್ಳೆಯನ್ನು ಬೇಟೆಯಾಡುತ್ತದೆ. ಆಸ್ಟ್ರೇಲಿಯಾದಲ್ಲಿಯೂ ಆಫ್ರಿಕಾದ ಕೆಲವು ದೇಶಗಳಲ್ಲಿಯೂ ಗೇರುತೋಟದ ರಕ್ಷಣೆಗೆ ಇದರ ಬಂಧುಗಳನ್ನು ಬಳಸಿಕೊಂಡಿದ್ದಾರೆ. ಕಚ್ಚುವುದು ನಿಜ, ಆದರೆ ಗೇರುಬೀಜವನ್ನು ಹೆಚ್ಚಾಗಿ ಉದುರಿದ ಮೇಲೆ ನೆಲದಿಂದ ಹೆಕ್ಕುವುದರಿಂದ ಈ ತೊಂದರೆ ಸಹಿಸಲಾರದ್ದಲ್ಲ.

ಐದು, ತೋಟದ ಬದಿಯಲ್ಲಿ ಸ್ವಲ್ಪ ಜಾಗವನ್ನು ಅಗೆಯದೆ, ಕಾಡುಹೂಗಳನ್ನು ಕಡಿಯದೆ ಬಿಡಬೇಕು. ನೆಲದಲ್ಲಿ ಗೂಡು ಮಾಡುವ ಒಂಟಿ ದುಂಬಿಗೆ ಅದೇ ಮನೆ. ಗೇರು ಹೂವಿಲ್ಲದ ತಿಂಗಳುಗಳಲ್ಲಿ ಅದೇ ಊಟ.

ಆರು, ಇದು ನಮ್ಮ ಸದಸ್ಯರಾದ ಖರೀದಿದಾರರಿಗೆ ಮತ್ತು ಕಾರ್ಖಾನೆಯವರಿಗೆ. ಕೃಷಿಕನಿಂದ ಕಚ್ಚಾ ಬೀಜ ಕೊಂಡಾಗ ರಿವರ್ಸ್ ಚಾರ್ಜ್ ನಿಯಮದಂತೆ ಜಿಎಸ್‌ಟಿ ಕಟ್ಟಲು, 2017ರ ಜುಲೈಯಿಂದ ನೀವು ಪ್ರತಿಯೊಂದು ಖರೀದಿಯ ದಾಖಲೆ ಇಡುತ್ತಲೇ ಬಂದಿದ್ದೀರಿ. ಅದೇ ದಾಖಲೆಯಲ್ಲಿ ಇನ್ನೊಂದು ಅಂಕಣ ಸೇರಿಸಿ, ಯಾವ ಔಷಧಿ, ಯಾವ ತಿಂಗಳು ಎಂದು ಬರೆದುಕೊಳ್ಳುವುದು ಕಷ್ಟವಲ್ಲ. ಔಷಧಿಯ ಶೇಷಾಂಶದ ಬಗ್ಗೆ ಹೊರದೇಶದ ಗ್ರಾಹಕರು ಪ್ರಶ್ನಿಸಿದಾಗ ಉತ್ತರ ಸಿದ್ಧವಿರುತ್ತದೆ. ಕೆಲವು ವರ್ಷ ಕಳೆದರೆ, ಯಾವ ತೋಟದ ಬೀಜದ ಔಟ್‌ಟರ್ನ್ ಚೆನ್ನಾಗಿದೆ, ಅವರು ಹೇಗೆ ಸಿಂಪಡಿಸುತ್ತಾರೆ ಎಂಬ ಹೋಲಿಕೆಯೂ ನಿಮ್ಮ ಕೈಗೆ ಬರುತ್ತದೆ. ಒಳ್ಳೆಯ ಬೀಜ ತಂದವನಿಗೆ ಕಿಲೋಗೆ ಒಂದೆರಡು ರೂಪಾಯಿ ಹೆಚ್ಚು ಕೊಟ್ಟರೆ, ಭಾಷಣಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ಏಳು, ಜೇನುಪೆಟ್ಟಿಗೆ ಇಡುವವರೊಂದಿಗೆ ಒಂದು ಪುಟದ ಒಪ್ಪಂದಪತ್ರ ಮಾಡಿಕೊಳ್ಳಬಹುದು. ಪೆಟ್ಟಿಗೆ ಎಷ್ಟು, ಎಲ್ಲಿಯವರೆಗೆ, ಸಿಂಪಡಿಸುವ ಮೊದಲು ಎಷ್ಟು ದಿನದ ಸೂಚನೆ, ಜೇನಿನಲ್ಲಿ ಪಾಲು ಯಾರಿಗೆ ಎಂಬ ನಾಲ್ಕು ವಿಷಯಗಳಿದ್ದರೆ ಸಾಕು. ಬಾಯಿಮಾತಿನ ಸ್ನೇಹ ಕೆಡುವುದು ಇಂತಹ ಸಣ್ಣ ವಿಷಯಗಳಿಂದಲೇ.

ಕೊನೆಯದಾಗಿ ಒಂದು ಮಾತು. ನಾನು ಈಗ ಜನವರಿಯ ಭಾನುವಾರಗಳಲ್ಲಿ ಬೆಳಿಗ್ಗೆ ಒಂಬತ್ತೂವರೆಗೆ ತೋಟಕ್ಕೆ ಹೋಗಿ, ಒಂದು ಮರದ ಕೆಳಗೆ ಹತ್ತು ನಿಮಿಷ ನಿಂತು, ಒಂದೇ ಗೊಂಚಲಿಗೆ ಎಷ್ಟು ದುಂಬಿಗಳು ಬಂದವೆಂದು ಎಣಿಸಿ ತಂದೆಯವರ ಪುಸ್ತಕದಲ್ಲಿ ಬರೆಯುತ್ತೇನೆ. ಬೀಜದ ತೂಕದ ಅಂಕಣದ ಪಕ್ಕದಲ್ಲಿ ಇದಕ್ಕೂ ಒಂದು ಅಂಕಣ ಹಾಕಿದ್ದೇನೆ. ಕೆಲವು ವರ್ಷ ಹೆಚ್ಚು, ಕೆಲವು ವರ್ಷ ಕಡಿಮೆ. ವಾಚಕರಲ್ಲಿ ಯಾರಿಗಾದರೂ ತೋಟವಿದ್ದರೆ ಈ ಹಂಗಾಮಿನಲ್ಲಿ ಹತ್ತು ನಿಮಿಷದ ಈ ದಾಸ್ತಾನು ಪರಿಶೀಲನೆಯನ್ನು ಮಾಡಿ ನೋಡಬೇಕಾಗಿ ವಿನಂತಿ. ಅದಕ್ಕೆ ಶುಲ್ಕವಿಲ್ಲ; ಲೆಕ್ಕಪರಿಶೋಧಕನ ಸಹಿಯೂ ಬೇಕಾಗಿಲ್ಲ.